ಪೆಡಲಿಗೂ ಗಾಳಿಗೂ ನಡುವೆ

ಮಾರ್ಚ್ 3, ಸೋಮವಾರ

ಶಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಸಾಹುಕಾರರು ಬಗ್ಗಿಕೊಂಡು ಒಳಗೆ ಬಂದರು. ಟೈರು ವ್ಯಾಪಾರದವರು, ಬೆಟ್ಟದ ರಸ್ತೆಯ ಓಟಕ್ಕೆ ನಾವು ಸಿದ್ಧಮಾಡುವ ಕಾರು ಅವರದು. ನೆಟ್ಟಗಾಗುವಾಗ ಅವರಿಗೆ ಸೊಂಟ ಹಿಡಿಯಿತು. ಆ ಸಿಟ್ಟೂ ಮಾತಿನಲ್ಲಿ ಸೇರಿಕೊಂಡಿತು.

“ನೀವೆಲ್ಲ ಒಂದೇ ಮನೆಯೋರು. ದೊಡ್ಡ ಸೊಸೆ ಓಡಿಸ್ತಾಳೆ, ಚಿಕ್ಕ ಸೊಸೆ ಇಂಜಿನ್ ನೋಡ್ತಾಳೆ, ನಿನ್ನ ಗಂಡ ಬೆಸುಗೆ ಹಾಕ್ತಾನೆ. ಸೋತಾಗ ತಪ್ಪು ಯಾರದಪ್ಪಾ ಅಂತ ಕೇಳಿದ್ರೆ ಮೂರು ಜನಾನೂ ಕಾರಿನ ಕಡೆ ಕೈ ತೋರಿಸ್ತೀರಿ. ಕಾರು ನನ್ನದು!”

ಏಪ್ರಿಲ್ ಹದಿಮೂರಕ್ಕೆ ಓಟ. ಕಳೆದ ಸಲ ನಮ್ಮ ಕಾರು ಕೊನೆಯಿಂದ ಮೂರನೆಯದು. ಈ ಸಲ ಓಟಕ್ಕೆ ಮುಂಚೆಯೇ ತಮಗೆ ವ್ಯತ್ಯಾಸ ಕಾಣಿಸದಿದ್ದರೆ ಸ್ಟಿಯರಿಂಗನ್ನು ತಮ್ಮ ತಂಗಿಯ ಮಗನ ಕೈಗೆ ಕೊಡುತ್ತೇನೆ ಎಂದರು. ಒಮ್ಮೆ ಹೋದರೆ ಹೋದಂತೆಯೇ. ಬೆಟ್ಟ ಹತ್ತಲು ಇನ್ನೊಂದು ಕಾರನ್ನು ನನ್ನ ಓರಗಿತ್ತಿಗೆ ಯಾರೂ ಕೊಡುವುದಿಲ್ಲ.

ಓರಗಿತ್ತಿ ಹಿಂದಿನ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. “ಸಾಹುಕಾರ್ರೇ, ಒಂದು ತೊಳೆ ಬಾಯಿಗೆ ಹಾಕ್ಕೊಳ್ಳಿ. ಖಾಲಿ ಹೊಟ್ಟೇಲಿ ಬೈದ್ರೆ ಪಿತ್ತ ಕೆರಳುತ್ತೆ,” ಎಂದರು. ಸಾಹುಕಾರರು ಎರಡು ತೊಳೆ ತೆಗೆದುಕೊಂಡು ಹೋದರು.

ಇದು ನಗುವ ವಿಷಯವೆಂದು ನನಗೆ ಅನ್ನಿಸಲಿಲ್ಲ. ಒಂದೇ ಅಡುಗೆಮನೆಯಲ್ಲಿ ಎಂಟು ವರ್ಷ ಕಳೆದಿದ್ದೇವೆ. ಜಗಳವಿಲ್ಲ, ಮಾತೂ ಅಷ್ಟಕ್ಕಷ್ಟೇ. ಅವರು ನಗಿಸುತ್ತಾರೆ, ಜನ ನಗುತ್ತಾರೆ, ಉಳಿದ ಕೆಲಸ ನಾನು ಮಾಡುತ್ತೇನೆ.

ಕಾರಿನ ದೋಷ ನನಗೆ ಗೊತ್ತು. ಆ ಎರಡು ದೊಡ್ಡ ಟರ್ಬೊಗಳನ್ನು ಕಳೆದ ವರ್ಷ ಬೇರೆಲ್ಲೋ ಹಾಕಿಸಿಕೊಂಡು ಬಂದವರು ಸಾಹುಕಾರರೇ. ಪೆಡಲ್ ತುಳಿದರೆ ಕಾರು ಮೊದಲು ಯೋಚಿಸುತ್ತದೆ, ಆಮೇಲೆ ಒದೆಯುತ್ತದೆ. ಎಲ್ಲರೂ ಲ್ಯಾಗ್ ಎನ್ನುತ್ತಾರೆ. ನಾನು ತಡ ಎಂದೇ ಕರೆಯುತ್ತೇನೆ. ಅದನ್ನು ತೆಗೆದುಹಾಕುತ್ತೇನೆ. ಓಡಿಸುವವರ ವಿಷಯ ನನ್ನದಲ್ಲ.

ಮಾರ್ಚ್ 5, ಬುಧವಾರ

ಅಳತೆ ತೆಗೆದೆ. ಕೈಬಿಟ್ಟ ಕಲ್ಲುಗಣಿಯ ನೇರ ರಸ್ತೆ, ಮೂರನೆಯ ಗೇರು, ನಾನೇ ಓಡಿಸಿದ್ದು. ಪೆಡಲನ್ನು ನೆಲಕ್ಕೊತ್ತಿದ ಕ್ಷಣದಿಂದ ಗಾಳಿಯ ಒತ್ತಡ ಪೂರ್ತಿ ಏರುವವರೆಗೆ ಎರಡು ಸೆಕೆಂಡಿಗೂ ತುಸು ಮೇಲೆ. ಮತ್ತೆ ಮತ್ತೆ ಮಾಡಿದೆ, ಪ್ರತಿ ಸಲವೂ ಅಷ್ಟೇ. ಒಂದು ರೀತಿಯಲ್ಲಿ ಸಂತೋಷವಾಯಿತು. ದಿನಕ್ಕೊಂದು ಬಣ್ಣ ತೋರಿಸುವ ದೋಷವಾದರೆ ಕಷ್ಟ. ಇದು ನಿಯತ್ತಿನ ದೋಷ.

ಊಟದ ಹೊತ್ತಿಗೆ ಅತ್ತೆ, “ಎರಡು ಸೆಕೆಂಡಿಗೆ ಇಷ್ಟು ರಂಪಾನಾ? ನಿನ್ನ ಗಂಡನ್ನ ಕರೆದ್ರೆ ಓಗೊಡೋಕೆ ಅರ್ಧ ಗಂಟೆ ಬೇಕು,” ಎಂದರು. ಇವರು ಆಗಲೂ ಓಗೊಡಲಿಲ್ಲ, ಊಟ ಮಾಡುತ್ತಿದ್ದರು.

ವಿವರಿಸಿದೆ. ಇಂಜಿನ್ನಿನಿಂದ ಹೊರಗೆ ಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಬೆಂಕಿ ಹೆಚ್ಚಾದರೆ ಹೊಗೆ ಹೆಚ್ಚು.

“ಅಂದ್ರೆ ಒಲೆ ಹೊಗೆಯಿಂದಾನೇ ಒಲೆ ಊದೋದು.”

“ಹೂಂ. ಮೊದಲು ಹೊಗೆ ಬರಬೇಕಲ್ಲ, ಅದಕ್ಕೇ ತಡ.”

“ಎರಡ್ಯಾಕೆ?”

“ಮುಂದಿನ ಮೂರು ಸಿಲಿಂಡರಿಗೆ ಒಂದು, ಹಿಂದಿನ ಮೂರಕ್ಕೆ ಒಂದು. ಎರಡರ ಗಾಳೀನೂ ಕೊನೇಲಿ ಒಂದೇ ಕೊಳವೆಗೆ ಬಂದು ಸೇರುತ್ತೆ.”

“ಒಂದೇ ಮನೇಲಿ ಎರಡು,” ಎಂದು ಅತ್ತೆ ಓರಗಿತ್ತಿಯ ಮುಖ ನೋಡಿದರು. “ಹೊಂದಿಕೊಂಡು ಹೋಗ್ತವಾ?”

“ಒಂದು ಊದುತ್ತೆ ಅತ್ತೆ, ಇನ್ನೊಂದು ಉರಿಯುತ್ತೆ,” ಎಂದರು ಓರಗಿತ್ತಿ. ಇಬ್ಬರೂ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 8, ಶನಿವಾರ

ಮುಂದಿನ ಟರ್ಬೊಗೆ ಹೊಗೆ ಒಯ್ಯುವ ಜೋಡಣೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ತಣ್ಣಗಿದ್ದಾಗ ಬಿಗಿ, ಕಾದಾಗ ಬಾಯಿ ಬಿಡುತ್ತದೆ. ಚಕ್ರ ತಿರುಗಿಸಬೇಕಾದ ಹೊಗೆ ಅಲ್ಲಿಂದ ಕಳ್ಳತನದಲ್ಲಿ ಹೊರಗೆ ಹೋಗುತ್ತಿತ್ತು. ಮುಖ ಉಜ್ಜಿ ಮಟ್ಟಮಾಡಿ ಸಂದು ಮುಚ್ಚುವ ಹೊಸ ತಗಡು ಕೂರಿಸಿದೆ. ತಡ ಸ್ವಲ್ಪ ಇಳಿಯಿತು. ಸ್ವಲ್ಪವೇ.

ಮಾರ್ಚ್ 15, ಶನಿವಾರ

ವಾರವೆಲ್ಲ ಕೊಳವೆಗಳು. ಟರ್ಬೊದಿಂದ ಹೊರಟ ಗಾಳಿ ತಣ್ಣಗಾಗುವ ಜಾಲರಿಗೆ ಹೋಗಿ ಇಂಜಿನ್ನಿಗೆ ಬರುವಷ್ಟರಲ್ಲಿ ಇಡೀ ಕಾರಿನ ಮುಂಭಾಗಕ್ಕೆ ಪ್ರದಕ್ಷಿಣೆ ಹಾಕುತ್ತಿತ್ತು. ಅಷ್ಟುದ್ದದ ಕೊಳವೆ ತುಂಬಿದ ಮೇಲೆ ತಾನೆ ಒತ್ತಡ. ಅರ್ಧಕ್ಕಿಳಿಸಲು ಹೇಳಿದೆ.

“ಬ್ಯಾಟರಿ ಎಲ್ಲಿಡ್ತೀಯ?” ಎಂದರು ಇವರು.

“ಹಿಂದಕ್ಕೆ, ಡಿಕ್ಕಿಗೆ.”

“ದೀಪ?”

“ಹಗಲಲ್ಲಿ ಓಟ. ಒಂದು ದೀಪ ತೆಗೀರಿ.”

“ಇನ್ನೇನು ತೆಗೀಬೇಕು ಹೇಳಿಬಿಡು. ಚಕ್ರ ಇರಲಾ?”

ಬಾಯಲ್ಲಿ ಗೊಣಗಾಟ, ಕೈಯಲ್ಲಿ ಕೆಲಸ. ಬೆಸುಗೆ ಮುಗಿದ ಮೇಲೆ ಕೊಳವೆಯೊಳಗೆ ಬೆರಳಾಡಿಸಿದೆ; ಒಂದು ಕಡೆಯೂ ಗಂಟಿಲ್ಲ. ಅದನ್ನು ಇವರಿಗೆ ಹೇಳಬೇಕೆಂದುಕೊಂಡೆ. ಹೇಳುವಷ್ಟರಲ್ಲಿ ಕೈ ತೊಳೆಯಲು ಹೋಗಿದ್ದರು.

ಒಂದೂವರೆ ಸೆಕೆಂಡಿಗೆ ಬಂದಿದೆ. ಸಾಲದು.

ಮಾರ್ಚ್ 19, ಬುಧವಾರ

ಹೊಗೆಯು ಟರ್ಬೊದ ಚಕ್ರಕ್ಕೆ ಬಡಿಯುವ ಮೊದಲು ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಕವಚದೊಳಗೆ ಸುತ್ತಿ ಬರುತ್ತದೆ. ಕವಚದ ಬಾಯಿ ಅಗಲವಾದರೆ ಹೊಗೆ ಸೋಮಾರಿ. ಕಿರಿದಾದರೆ ರಭಸ, ನೀರಿನ ಕೊಳವೆಯ ತುದಿಗೆ ಹೆಬ್ಬೆಟ್ಟು ಒತ್ತಿದ ಹಾಗೆ. ಆದರೆ ತೀರ ಮೇಲಿನ ವೇಗದಲ್ಲಿ ಅದೇ ಕಿರಿದಾದ ಬಾಯಿ ಇಂಜಿನ್ನಿನ ಕತ್ತು ಹಿಸುಕುತ್ತದೆ. ಎರಡು ಟರ್ಬೊಗೂ ಕಿರಿದಾದ ಕವಚ ಹಾಕುತ್ತೇನೆ ಎಂದು ಸಾಹುಕಾರರಿಗೆ ಹೇಳಲೇಬೇಕಾಯಿತು.

“ಶಕ್ತಿ ಕಮ್ಮಿ ಆಗುತ್ತಾ?”

“ತುದೀಲಿ ಸ್ವಲ್ಪ. ಐವತ್ತು ಕುದುರೆ.”

“ಐವತ್ತು! ನನ್ನ ಲಾಯದಿಂದ ಐವತ್ತು ಕುದುರೆ ಬಿಚ್ಚಿ ಅಟ್ಟಿಬಿಡ್ತೀನಿ ಅಂತ ಎಷ್ಟು ಸಲೀಸಾಗಿ ಹೇಳ್ತೀಯಮ್ಮ!”

“ಸಾಹುಕಾರ್ರೇ, ಆ ಐವತ್ತು ಎದ್ದು ನಿಲ್ಲೋದ್ರೊಳಗೆ ಮುಂದಿನ ತಿರುವು ಬಂದಿರುತ್ತೆ. ಇವತ್ತಿನವರೆಗೂ ಒಂದು ದಿನ ಗೇಯ್ದಿಲ್ಲ ಅವು. ಬರೀ ಮೇಯ್ತಾ ಇವೆ.”

ಹೇಳಿದ್ದು ನಾನಲ್ಲ, ಓರಗಿತ್ತಿ. ವಾದ ನನ್ನದೇ. ನಿನ್ನೆ ಇವರ ಹತ್ತಿರ ಹೇಳುತ್ತಿದ್ದದ್ದು ಅವರ ಕಿವಿಗೆ ಬಿದ್ದಿರಬೇಕು. ನಾನು ಹೇಳಿದ್ದರೆ ಸಾಹುಕಾರರು ಲೆಕ್ಕ ಕೇಳುತ್ತಿದ್ದರು. ಅವರು ಹೇಳಿದ್ದಕ್ಕೆ ನಕ್ಕು ಒಪ್ಪಿದರು. ಇದರಿಂದ ನನಗೆ ಸಂತೋಷವಾಯಿತೋ ಕಿರಿಕಿರಿಯಾಯಿತೋ ಹೇಳಲಾರೆ.

ಮಾರ್ಚ್ 22, ಶನಿವಾರ

ಹೊಸ ಕವಚ ಹಾಕಿದ ಮೇಲೆ ಮುಂದಿನ ಟರ್ಬೊ ಚುರುಕಾಯಿತು, ಹಿಂದಿನದು ಆಗಲಿಲ್ಲ. ಬೇಗ ಎದ್ದದ್ದರ ಗಾಳಿ ಇಂಜಿನ್ನಿಗೆ ಹೋಗುವ ಬದಲು ಮಲಗಿದ್ದರ ಕಡೆಗೆ ತಳ್ಳುತ್ತಿತ್ತು. ಎರಡು ದಿನ ತಲೆಕೆಟ್ಟಿತು. ಕಡೆಗೆ ನೋಡಿದರೆ, ಹಿಂದಿನದರಲ್ಲಿ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಪುಟ್ಟ ಬಾಗಿಲಿನ ಸ್ಪ್ರಿಂಗು ಸೋತಿದೆ. ಹೆಚ್ಚಾಗುವ ಮೊದಲೇ ಬಾಗಿಲು ತೆರೆಯುತ್ತಿದೆ. ಎರಡಕ್ಕೂ ಒಂದೇ ಬಿಗಿಯ ಸ್ಪ್ರಿಂಗು ಹಾಕಿದೆ.

ನೇರ ರಸ್ತೆಯಲ್ಲಿ ಅಳೆದೆ. ಮುಕ್ಕಾಲು ಸೆಕೆಂಡಿಗೂ ಒಳಗೆ! ತುಳಿದೆ ಎನ್ನುವಷ್ಟರಲ್ಲಿ ಬೆನ್ನು ಸೀಟಿಗೆ ಅಂಟಿತ್ತು. ಒಬ್ಬಳೇ ಕಾರಿನೊಳಗೆ ಕೂತು ಜೋರಾಗಿ ನಕ್ಕೆ. ಮನೆಗೆ ಬಂದು ಅತ್ತೆಗೆ ಹೇಳಿದೆ. “ಒಲೆ ಹತ್ತಿಕೊಳ್ತಾ ಹಾಗಾದ್ರೆ?” ಎಂದರು.

ಮಾರ್ಚ್ 27, ಗುರುವಾರ

ಕಲ್ಲುಗಣಿಯ ತಳಕ್ಕಿಳಿಯುವ ಸುತ್ತುರಸ್ತೆಯಲ್ಲಿ ಓರಗಿತ್ತಿ ಇಷ್ಟೆಲ್ಲ ಬದಲಾದ ಕಾರನ್ನು ಮೊದಲ ಸಲ ಓಡಿಸಿದರು. ಕೆಳಗಿನಿಂದ ಮೇಲಕ್ಕೆ. ಸಾಹುಕಾರರು ಬಂದಿದ್ದರು, ಸೋದರಳಿಯನನ್ನೂ ಕರೆತಂದಿದ್ದರು.

ಎರಡನೆಯ ತಿರುವಿನಲ್ಲೇ ಕಾರಿನ ಹಿಂಬದಿ ಜಾರಿತು. ಮೂರನೆಯದರಲ್ಲಿ ಮತ್ತೆ. ಐದನೆಯದರಲ್ಲಿ ಕಾರು ಪೂರ್ತಿ ಸುತ್ತಿ, ಬಂದ ದಾರಿಗೇ ಮುಖಮಾಡಿ ನಿಂತಿತು. ಎರಡನೆಯ ಸಲ ಜಾರದೆ ಬಂದರು. ಆದರೆ ತಡವಿದ್ದ ಹಳೆಯ ಕಾರಿನಲ್ಲಿ ಬರುತ್ತಿದ್ದುದಕ್ಕಿಂತ ನಿಧಾನ.

ಆಮೇಲೆ ಸೋದರಳಿಯ ಕೂತ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಮಾತು ಕಡಿಮೆ, ಗೇರಿಗೆ ಕೈ ಹಾಕುವ ಮೊದಲು ನನ್ನ ಅನುಮತಿ ಕೇಳಿದ. ಬಾಣದ ಹಾಗೆ ಹೋದ. ಒಂದು ಕಡೆಯೂ ಜಾರಲಿಲ್ಲ.

ಸಾಹುಕಾರರಿಗೆ ಹಿಡಿಸಲಾರದಷ್ಟು ಖುಷಿ. “ಚಿಕ್ಕವಳೇ, ನಿನ್ನ ಕೈಗೆ ಬಂಗಾರದ ಬಳೆ ತೊಡಿಸಬೇಕು! ಈಗ ನೋಡು, ಕಾರು ಅಂದ್ರೆ ಹೀಗಿರಬೇಕು. ಯಾರು ಬೇಕಾದ್ರೂ ಓಡಿಸಬಹುದು.”

ಯಾರು ಬೇಕಾದರೂ. ಅವರಿಗೆ ತಾವೇನು ಹೇಳಿದೆವೆಂದು ಆಮೇಲೆ ಹೊಳೆಯಿತು, ಕೆಮ್ಮಿದರು. ಕಡೆಗೆ ತೀರ್ಮಾನ ಹೀಗಾಯಿತು: ಹನ್ನೆರಡನೇ ತಾರೀಖು ಬೆಟ್ಟದಲ್ಲಿ ಅಭ್ಯಾಸದ ದಿನ, ಇಬ್ಬರೂ ಎರಡೆರಡು ಸಲ ಹತ್ತಬೇಕು. ಬೇಗ ಹತ್ತಿದವರು ಮರುದಿನ ಓಟಕ್ಕೆ. ಮುಂದಿನ ವರ್ಷಕ್ಕೂ ಅವರೇ.

“ಚೆನ್ನಾಗಿ ಓಡಿಸಿದೆ ಕಣಪ್ಪ,” ಎಂದು ಓರಗಿತ್ತಿ ಆ ಹುಡುಗನ ಬೆನ್ನು ತಟ್ಟಿದರು. ವ್ಯಾನಿನ ಹಿಂದಿನ ಸೀಟಿಗೆ ಹೋಗಿ ಕೂತವರು ಕೈಯಲ್ಲಿದ್ದ ಕಿತ್ತಳೆಯನ್ನು ಮನೆ ಬರುವವರೆಗೂ ಸುಲಿಯಲಿಲ್ಲ.

ನನ್ನ ಕೆಲಸದಲ್ಲಿ ತಪ್ಪಿಲ್ಲ. ಅದನ್ನು ಎಲ್ಲರೂ ಕಣ್ಣಾರೆ ಕಂಡರು. ಆಗಬೇಕಾದಷ್ಟು ಸಮಾಧಾನ ಆಗುತ್ತಿಲ್ಲ.

ಮಾರ್ಚ್ 28, ಶುಕ್ರವಾರ

ಆದರೂ ಎಲ್ಲವನ್ನೂ ಮತ್ತೆ ನೋಡಿದೆ. ಟೈರು, ಸಸ್ಪೆನ್ಷನ್, ಪೆಡಲಿನ ತಂತಿ. ಏನೂ ಸಿಗಲಿಲ್ಲ. ಓರಗಿತ್ತಿ ಬಾಗಿಲಿಗೊರಗಿ ನೋಡುತ್ತಿದ್ದರು.

“ಭಯ ಆಯ್ತಾ ನಿಮಗೆ?” ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

“ಭಯಾನಾ? ನೀನು ಈ ಮನೆಗೆ ಕಾಲಿಡೋ ಮುಂಚಿಂದ ಆ ಬೆಟ್ಟ ಹತ್ತಿದೀನಿ. ಭಯ ಇದ್ದಿದ್ರೆ ನಿಮ್ಮ ಭಾವನ ಪಕ್ಕ ಹೋಗಿ ಕೂತಿರ್ತಿದ್ದೆ.”

ಭಾವ ಓಟದ ದಿನ ಹೆಂಡತಿ ಓಡಿಸುವುದನ್ನು ನೋಡಲಾರದೆ ರಸ್ತೆಗೆ ಬೆನ್ನುಮಾಡಿ ಕೂರುತ್ತಾರೆ. ಎಲ್ಲ ಮುಗಿದ ಮೇಲೆ ಯಾರಾದರೂ ಭುಜ ಮುಟ್ಟಬೇಕು.

“ಮತ್ತೇನಾಯ್ತು?”

“ಕಾರು ನನ್ನ ಮಾತು ಕೇಳ್ತಿಲ್ಲ.”

“ಮೊದಲು ಕೇಳ್ತಿತ್ತಾ?”

“ತಡವಾಗಿ ಕೇಳ್ತಿತ್ತು. ಎಷ್ಟು ತಡ ಅಂತ ನನಗೆ ಗೊತ್ತಿತ್ತು.”

ನಗಿಸುವುದಕ್ಕೆ ಹೇಳಿದ ಮಾತಲ್ಲ. ಹೇಳಿ ಒಳಗೆ ಹೋದರು. ನಾನು ಹಿಂದಿನ ಚಕ್ರವೊಂದನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದೆ.

ಮಾರ್ಚ್ 30, ಭಾನುವಾರ

ಸಿಕ್ಕಿತು. ಕಣ್ಣಿಗಲ್ಲ, ಕಿವಿಗೆ.

ಗಣಿಗೆ ನಾವಿಬ್ಬರೇ ಹೋದೆವು. ಕೆಳಗಿನಿಂದ ಓಡಿಸಿಕೊಂಡು ಬನ್ನಿ ಎಂದು ಹೇಳಿ, ಮೂರನೆಯ ತಿರುವಿನ ಬಂಡೆಯ ಮೇಲೆ ಬೆನ್ನು ತಿರುಗಿಸಿ ನಿಂತೆ, ಭಾವನ ಹಾಗೆ. ನೋಡಿದರೆ ಕಾರು ನೋಡುತ್ತೇನೆ, ಕೇಳಿಸಿಕೊಳ್ಳಬೇಕಿತ್ತು. ಗುರುವಾರ ಸೋದರಳಿಯ ಬಂದದ್ದು ನೆನಪಿದೆ: ಮೊದಲು ಟೈರು ನೆಲ ಕೆರೆಯುವ ಸದ್ದು, ಅಂದರೆ ಕಾರು ತಿರುಗುತ್ತಿದೆ, ಆಮೇಲೆ ಇಂಜಿನ್ನಿನ ಆರ್ಭಟ, ಅಂದರೆ ತುಳಿದ. ಇವತ್ತು ಮೊದಲು ಆರ್ಭಟ, ಆಮೇಲೆ ಟೈರು. ಮತ್ತೆ ಓಡಿಸಲು ಹೇಳಿದೆ. ಮತ್ತೆ ಹಾಗೆಯೇ. ತಿರುವು ಬರುವ ಮೊದಲೇ ಕಾಲು ಒತ್ತುತ್ತಿದೆ. ನಡುವಿನ ಅಂತರವನ್ನು ಬೆರಳಲ್ಲಿ ಎಣಿಸಿದೆ. ನಾನು ಮೂರು ವಾರ ಕೂತು ತೆಗೆದುಹಾಕಿದ ತಡದಷ್ಟೇ ಇತ್ತು.

ಕಳೆದ ವರ್ಷವಿಡೀ ಅಕ್ಕ ಹಾಗೇ ಓಡಿಸಿದ್ದಾಳೆ. ಕಾರು ಎರಡು ಸೆಕೆಂಡು ತಡವಾಗಿ ಕೇಳುತ್ತದೆಂದು ಎರಡು ಸೆಕೆಂಡು ಮೊದಲೇ ಹೇಳುತ್ತಿದ್ದಳು. ಪ್ರತಿ ತಿರುವಿನಲ್ಲೂ, ತಿರುವು ಬರುವ ಮೊದಲು, ಅಲ್ಲಿ ಎಷ್ಟು ಶಕ್ತಿ ಬೇಕಾಗುತ್ತದೆಂದು ಊಹಿಸಿ ಒತ್ತುತ್ತಿದ್ದಳು. ಆ ಹಾಳು ಕಾರನ್ನು ಕೊನೆಯಿಂದ ಮೂರನೆಯ ಸ್ಥಾನಕ್ಕೆ ತರುವುದಕ್ಕೇ ಎಷ್ಟು ಕಸುಬು ಬೇಕಿತ್ತೆಂದು ಯಾರೂ ಕೇಳಿಸಿಕೊಂಡಿಲ್ಲ. ನಾನೂ. ನಾನು ಅಳೆದದ್ದೆಲ್ಲ ನೇರ ರಸ್ತೆಯಲ್ಲಿ, ನನ್ನ ಕಾಲಿನಿಂದ. ನೇರ ರಸ್ತೆಯಲ್ಲಿ ಎಲ್ಲರ ಕಾಲೂ ಒಂದೇ.

ಬಂಡೆಯಿಂದ ಇಳಿದು ಹೇಳಿದೆ. ಅವಳು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

“ಹಳೇ ಕವಚಾನೇ ಹಾಕಿಬಿಡ್ತೀನಿ ಅಕ್ಕಾ. ಸ್ಪ್ರಿಂಗೂ. ನಿಮಗೆ ಗೊತ್ತಿರೋ ಕಾರೇ ನಿಮಗೆ ವಾಪಸ್ಸು.”

“ಅವನು ಯಾವುದು ಓಡಿಸ್ತಾನೆ?”

“ಅದನ್ನೇ ಓಡಿಸ್ಲಿ. ಮೊದಲ ತಿರುವಲ್ಲೇ ಗೋಡೆಗೆ ಮುತ್ತು ಕೊಡ್ತಾನೆ.”

ಅವಳು ಬಾಯ್ತುಂಬ ನಕ್ಕಳು. ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ನೆನಪಿಲ್ಲ. “ಅಯ್ಯೋ ಹುಚ್ಚೀ. ಮೈಯೆಲ್ಲ ಮಸಿ ಮಾಡಿಕೊಂಡು ಕಟ್ಟಿದ್ದನ್ನ ಬಿಚ್ಚಿಬಿಡ್ತೀಯಾ? ಇಂಥ ಕಾರು ನನಗೆ ಯಾವತ್ತೂ ಸಿಕ್ಕಿರಲಿಲ್ಲ ಕಣೇ. ಬೇಡ. ಕಾಲಿಗೆ ಬುದ್ಧಿ ಕಲಿಸೋಣ.”

“ಹೇಗೆ?”

“ಪಕ್ಕದಲ್ಲಿ ಕೂತು ಯಾರಾದ್ರೂ ಈಗ ಅಂತ ಕೂಗಬೇಕು. ಕೂಗೋವರೆಗೂ ನಾನು ಒತ್ತಲ್ಲ.”

“ಯಾರು?”

“ಆ ತಡಾನ ಅಳೆದು ತೂಗಿದೋರು ಯಾರು?”

ಪಕ್ಕದ ಸೀಟಿನಲ್ಲಿ ಕೂತರೆ ನನಗೆ ಹೊಟ್ಟೆ ತೊಳೆಸುತ್ತದೆ. ಬಸ್ಸಿನಲ್ಲೂ ಅಷ್ಟೇ. ಅದನ್ನು ಹೇಳಲಿಲ್ಲ. ಹೂಂ ಎಂದೆ.

ಏಪ್ರಿಲ್ 1, ಮಂಗಳವಾರ

ಮೂರು ಸಲ ಕಾರು ನಿಲ್ಲಿಸಬೇಕಾಯಿತು. ಬರೆಯಲು ಬೇರೇನೂ ಇಲ್ಲ.

ಏಪ್ರಿಲ್ 3, ಗುರುವಾರ

ಖಾಲಿ ಹೊಟ್ಟೆ ಕೆಟ್ಟದ್ದು, ತುಂಬಿದ ಹೊಟ್ಟೆ ಇನ್ನೂ ಕೆಟ್ಟದ್ದು. ಅಕ್ಕ ಒಂದು ಒಣ ಬ್ರೆಡ್ಡಿನ ಚೂರು ಕೊಟ್ಟಳು, ಅದು ನಿಂತಿತು. “ಮೊದಲೇ ಹೇಳೋದಲ್ವಾ ಮಹಾರಾಯ್ತಿ? ಇಂಜಿನ್ ಕಟ್ಟೋಳಿಗೆ ಕಾರು ಆಗಲ್ಲ ಅಂತ ಯಾರಿಗೆ ಗೊತ್ತಾಗಬೇಕು?”

ಕೆಲಸ ಹೀಗೆ: ಕಾರಿನ ಮೂಗು ತಿರುವಿನ ಹೊರಬಾಯಿಯ ಕಡೆ ನೋಡಿದಾಗ ನಾನು “ಈಗ” ಎನ್ನಬೇಕು. ಆಗ ಅವಳು ಒತ್ತಬೇಕು. ಕೇಳಲು ಸುಲಭ. ಅವಳ ಕಾಲಿಗೆ ನಾನು ಬಾಯಿ ತೆರೆಯುವವರೆಗೂ ತಾಳ್ಮೆ ಇಲ್ಲ. ಇಡೀ ಸಂಜೆ ಕಾಲಿಗೆ ಬೈದಳು. “ಥೂ, ನಿನ್ನ! ಯಾರು ಹೇಳಿದ್ರು ನಿನಗೆ? ಯಾರು ಹೇಳಿದ್ರು?”

ಕಾಲು ಕೇಳಿಸಿಕೊಂಡಂತೆ ಕಾಣಲಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತು ಏಳು ತಿರುವಿನಲ್ಲಿ ಐದರಲ್ಲಿ ಕಾಲು ಕಾಯಿತು. ಒಂದು ಸಲ ಏಳಕ್ಕೆ ಏಳೂ. ಕಾರು ತಿರುವಿನಿಂದ ಹೊರಗೆ ಹಾರುವ ಆ ಕ್ಷಣದಲ್ಲಿ ನಾವಿಬ್ಬರೂ ಕೂಗಿದೆವು, ಏನೆಂದು ನೆನಪಿಲ್ಲ.

ಅಲ್ಲಿಂದ ಮುಂದೆ ನನ್ನ ಹೊಟ್ಟೆಯ ವಿಷಯ ನನಗೇ ಮರೆತುಹೋಗಿತ್ತು; ಮನೆಗೆ ಬಂದು ಊಟಕ್ಕೆ ಕೂತಾಗ ನೆನಪಾಯಿತು.

ಏಪ್ರಿಲ್ 9, ಬುಧವಾರ

ವಿರಾಮದಲ್ಲಿ ಕಾರಿನ ಬಾನೆಟ್ಟಿಗೆ ಒರಗಿ ಕೂತಿದ್ದೆವು. ತಿರುವಿನಲ್ಲಿ ಏನು ನೋಡುತ್ತೀಯ ಎಂದು ಕೇಳಿದೆ.

“ಆ ತಿರುವನ್ನ ನೋಡೋದೇ ಇಲ್ಲ. ಅದು ಆಗಲೇ ಆಗಿಹೋಗಿರುತ್ತೆ. ಮುಂದಿನದರ ಒಳಗೆ ಕಣ್ಣಿರುತ್ತೆ. ಆ ಹಳೇ ಕಾರು ಕಲಿಸಿದ ಚಾಳಿ.”

“ಅದನ್ನ ಬಿಡಬೇಡ.”

“ಕಾಲಿನ ಚಾಳಿ ಬಿಡು, ಕಣ್ಣಿನದು ಇಟ್ಟುಕೋ. ಸರಿ ಡಾಕ್ಟ್ರೇ.”

ಆಮೇಲೆ, ಮದುವೆಯಾಗಿ ನಾನು ಬಂದ ಹೊಸದರಲ್ಲಿ ನನ್ನನ್ನು ಕಂಡರೆ ಅವಳಿಗೆ ಅಳುಕಿತ್ತು ಎಂದಳು. “ನೀನು ಮಾತಾಡ್ತಿರಲಿಲ್ಲ. ಮಾತಾಡದೋರು ಎಲ್ಲಾನೂ ಲೆಕ್ಕ ಇಡ್ತಾರೆ ಅಂತ. ಅದಕ್ಕೇ ನಾನು ಇನ್ನೂ ಜಾಸ್ತಿ ಮಾತಾಡ್ತಿದ್ದೆ.” ಅವಳು ಅದನ್ನೂ ನಗುತ್ತಲೇ ಹೇಳಿದಳು.

ಇವತ್ತು ಒಂದು ತಿರುವೂ ತಪ್ಪಲಿಲ್ಲ. ಕಾರು ಸಿದ್ಧ. ಅವಳೂ ಸಿದ್ಧ.

ಏಪ್ರಿಲ್ 12, ಶನಿವಾರ

ಬೆಟ್ಟದ ರಸ್ತೆಯಲ್ಲಿ ಕಾರಿನೊಳಗೆ ಒಬ್ಬರೇ ಇರಬೇಕು, ಅದು ನಿಯಮ. ಕಾರು ಹೊರಡುವ ಗೆರೆಯಿಂದ ನಡೆದು ತಲುಪಬಹುದಾದ ಎರಡನೆಯ ತಿರುವಿನಲ್ಲಿ ನಿಂತೆ. ಇವರು ಗೆರೆಯ ಹತ್ತಿರ ಸಾಹುಕಾರರ ಜೊತೆ. ಭಾವ ವ್ಯಾನಿನ ಹಿಂದೆ, ಬೆನ್ನು ಮಾಡಿಕೊಂಡು.

ಸೋದರಳಿಯ ಮೊದಲು ಹತ್ತಿದ. ಒಳ್ಳೆಯ ಓಟ, ಕೊಂಕು ಹುಡುಕಲಾಗದಂಥದ್ದು. ಕಾರು ಕೆಳಗೆ ಬಂತು, ಟೈರು ತಣ್ಣಗಾಗುವವರೆಗೆ ಕಾದು ಅಕ್ಕ ಹತ್ತಿದಳು. ಬೆನ್ನು ತಿರುಗಿಸಿ ಕೇಳಿಸಿಕೊಂಡೆ. ಟೈರಿನ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಆರ್ಭಟ.

ಆ ಏನೂ ಇಲ್ಲದ ಜಾಗ ಒಂದು ರೆಪ್ಪೆ ಬಡಿಯುವಷ್ಟಿತ್ತು. ಮೊದಲು ನನ್ನ ಎದೆ ಹೊಡೆದುಕೊಂಡದ್ದು ಇಂಜಿನ್ನಿಗಾಗಿ: ಸ್ಪ್ರಿಂಗು ಹೋಯಿತೇ, ಕೊಳವೆ ಬಿಚ್ಚಿತೇ? ಮೇಲಿನ ತಿರುವುಗಳಿಂದಲೂ ಅದೇ ಕೇಳಿಸುತ್ತಿತ್ತು. ತಿರುಗುವುದು, ಸುಮ್ಮನಾಗುವುದು, ಹೊರಡುವುದು. ಪೆಡಲು ಒತ್ತಿದ ಮೇಲೆ ಗಾಳಿ ತಡಮಾಡುವ ಸದ್ದು ನನಗೆ ಗೊತ್ತು. ಅದರಲ್ಲಿ ಒಂದು ನರಳಾಟವಿರುತ್ತದೆ. ಇದರಲ್ಲಿ ಇರಲಿಲ್ಲ. ಪೆಡಲನ್ನೇ ಒತ್ತಿರಲಿಲ್ಲ.

ಗೊತ್ತಾದ ಕೂಡಲೇ ಕೆಳಕ್ಕೆ ಓಡಿದೆ. ಗೆರೆಯ ಹತ್ತಿರ ಸೋದರಳಿಯನಿಗಿಂತ ಒಂದು ಸೆಕೆಂಡು ಹಿಂದೆ ಎಂದು ಹೇಳುತ್ತಿದ್ದರು. ಸಾಹುಕಾರರು ನನ್ನ ಕಡೆ ನೋಡಲಿಲ್ಲ. ಆ ಹುಡುಗ ಎರಡನೆಯ ಸಲ ಹತ್ತಿ, ಮೊದಲಿಗಿಂತ ಕೂದಲೆಳೆಯಷ್ಟು ಬೇಗ ಮುಗಿಸಿದ. ಇನ್ನು ಉಳಿದದ್ದು ಅಕ್ಕನ ಒಂದೇ ಸರದಿ.

ಅವಳು ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದಳು. “ಎಲ್ಲಾ ಸರಿಯಾಗೇ ಮಾಡಿದೆ ಕಣೇ. ಒಂದು ಕಡೇನೂ ಮೊದಲೇ ಒತ್ತಲಿಲ್ಲ. ಎಲ್ಲಿ ಹೋಯ್ತು ಆ ಒಂದು ಸೆಕೆಂಡು?”

“ನೀನು ನನಗೆ ಕಾಯ್ತಿದ್ದೀಯ.”

“ನೀನು ಕಾರಲ್ಲೇ ಇರಲಿಲ್ಲವಲ್ಲೇ!”

“ಅದಕ್ಕೇ. ನಾನು ನೋಡಿ, ಗೊತ್ತು ಮಾಡಿಕೊಂಡು, ಬಾಯಿ ತೆಗೆದು ಈಗ ಅನ್ನೋವಷ್ಟರಲ್ಲಿ ಸ್ವಲ್ಪ ತಡ ಆಗಿರುತ್ತೆ. ಹತ್ತು ದಿನ ಪಕ್ಕದಲ್ಲಿ ಕೂತು ಆ ತಡಾನ ನಿನ್ನ ಕಾಲಿಗೆ ತುಂಬಿಬಿಟ್ಟಿದೀನಿ. ಗಾಳಿಯಿಂದ ತೆಗೆದದ್ದನ್ನ ನಾನೇ ವಾಪಸ್ಸು ತಂದು ಇಟ್ಟಿದೀನಿ.” ಅವಳ ಪಕ್ಕ ಕೂತೆ. “ನನ್ನ ಮಾತು ಕೇಳಬೇಡ ಅಕ್ಕ.”

ಅವಳು ನನ್ನ ಮುಖವನ್ನೇ ನೋಡಿದಳು. “ಕೇಳಬೇಡ ಅಂದ್ರೆ ಕೇಳಿಸದೇ ಇರುತ್ತಾ? ಕಿವೀಲಿ ಕೂತಿದೀಯ.”

“ಹಾಗಾದ್ರೆ ನೀನೇ ಮಾತಾಡು. ಗೆರೆ ಬಿಟ್ಟಾಗಿಂದ ತುದಿವರೆಗೂ ನಿಲ್ಲಿಸಬೇಡ. ನನಗೆ ಬಾಯಿ ಹಾಕೋಕೆ ಸಂದು ಕೊಡಬೇಡ. ಅದು ನಿನಗೆ ಬರುತ್ತೆ.”

“ಏನು ಮಾತಾಡ್ಲಿ?”

“ಏನಾದ್ರೂ.”

ಸರದಿ ಕರೆದರು. ನಾನು ತಿರುವಿಗೆ ಹೋಗಲಿಲ್ಲ. ಗೆರೆಯ ಪಕ್ಕದಲ್ಲೇ ನಿಂತೆ. ಹೊರಡುವ ಬಾವುಟ ಇಳಿಯುವ ಮೊದಲೇ ಹೆಲ್ಮೆಟ್ಟಿನೊಳಗೆ ಅವಳ ಬಾಯಿ ಆಡುತ್ತಿತ್ತು.

ಮೊದಲ ತಿರುವು. ಟೈರು, ಇಂಜಿನ್, ಎರಡೂ ಒಟ್ಟಿಗೆ. ಎರಡನೆಯದು, ಒಟ್ಟಿಗೆ. ಮೂರನೆಯದರಿಂದಾಚೆಗೆ ಮರಗಳ ಮರೆ. ಸದ್ದು ಒಂದೇ ಎಳೆಯಾಗಿ, ಎಲ್ಲೂ ತುಂಡಾಗದೆ, ಮೇಲೆ ಮೇಲೆ ಹೋಯಿತು. ನನಗೆ ಗೊತ್ತಾಯಿತು. ಸಮಯ ಹೇಳುವವರೆಗೆ ಕಾಯಬೇಕೆನಿಸಲಿಲ್ಲ, ಆದರೂ ಕಾದೆ. ಸೋದರಳಿಯನಿಗಿಂತ ಒಂದೂವರೆ ಸೆಕೆಂಡು ಬೇಗ. ಇವರು ನನ್ನ ತೋಳು ಹಿಡಿದುಕೊಂಡರು. ಹೋಗಿ ಭಾವನ ಭುಜ ಮುಟ್ಟಿದವಳು ನಾನು.

ಕಾರು ಕೆಳಗೆ ಬಂದಾಗ ಅವಳ ಗಂಟಲು ಕಟ್ಟಿತ್ತು. ಸೋದರಳಿಯ ತಾನೇ ಮುಂದೆ ಬಂದು ಬಾಗಿಲು ತೆರೆದ. “ಅಮ್ಮಾ, ಮೇಲಿನ ಜೋಡಿ ತಿರುವಲ್ಲಿ ನಿಮ್ಮ ಕಣ್ಣು ಎಲ್ಲಿತ್ತು?” ಎಂದು ಕೇಳಿದ. “ಆಮೇಲೆ ಹೇಳಿಕೊಡ್ತೀನಿ,” ಎಂದಳು. ಅವನಿಗೆ ಸಿಟ್ಟಿರಲಿಲ್ಲ. ಕಾರು ಯಾರು ಬೇಕಾದರೂ ಓಡಿಸಬಹುದು, ನಿಜ. ಅವನ ಕಣ್ಣು ತಿರುವಿನಲ್ಲಿರುತ್ತದೆ. ಅವಳ ಕಣ್ಣು ಎರಡು ಸೆಕೆಂಡು ಆಚೆಗೆ.

ಸಾಹುಕಾರರು ಬಂದು ನಿಂತರು. “ನಾಳೆ ನೀನೇ,” ಎಂದರು. ಆಮೇಲೆ, “ಮುಂದಿನ ವರ್ಷಾನೂ,” ಎಂದರು. ಆಮೇಲೆ, “ಅದೇನಮ್ಮಾ ಒಳಗೆ ಒಬ್ಬಳೇ ಕೂತು ಅಷ್ಟೊಂದು ಮಾತಾಡ್ತಿದ್ದೆ?”

“ನಿಮ್ಮನ್ನೇ ನೆನೆಸಿಕೊಳ್ತಿದ್ದೆ ಸಾಹುಕಾರ್ರೇ,” ಎಂದು ಕಟ್ಟಿದ ಗಂಟಲಿನಲ್ಲಿ ವಿನಯದಿಂದ ಹೇಳಿದಳು. ಅವರು ಆಚೆ ಹೋದ ಮೇಲೆ ನನ್ನ ಕಿವಿಗೆ: “ಕೆಳಗಿಂದ ತುದಿವರೆಗೂ ಬೈದೆ ಕಣೇ. ಒಂದು ಬೈಗುಳ ಎರಡನೇ ಸಲ ಬರಲಿಲ್ಲ. ಇನ್ನೂ ಅರ್ಧ ಉಳಿದಿತ್ತು, ಅಷ್ಟರಲ್ಲಿ ಬೆಟ್ಟ ಮುಗಿದುಹೋಯ್ತು.”

ಏಪ್ರಿಲ್ 13, ಭಾನುವಾರ

ನಾಲ್ಕನೆಯ ಸ್ಥಾನ. ಟ್ರೇಲರಿನಿಂದ ಕಾರು ಇಳಿಸಬೇಕು. ಅಕ್ಕ ಕೆಳಗಿನಿಂದ ಕೂಗುತ್ತಿದ್ದಾಳೆ. ಹೊರಟೆ.